ಪ್ರತಿಭೆ ಆಮೇಲೆ ನೋಡೋಣ, ಮೊದಲು ಜನವರಿ ಇದೆಯಾ?

ಕೊಡಗಿನ ಗಂಡು-ಹೆಣ್ಣಿಗೆ ಒಂದು ವಿನಂತಿ. ಮಗನನ್ನು ಫುಟ್ಬಾಲ್ ಆಟಗಾರ ಮಾಡುವ ಆಸೆ ಇದ್ದರೆ, ಅವನಿಗೆ ಬೂಟು ಕೊಡಿಸುವ ಮೊದಲು ಮದುವೆ ತಾರೀಕು ಸರಿಯಾಗಿ ನೋಡಿಕೊಳ್ಳಿ. ನಿಮ್ಮ ಮದುವೆಯದು.

ಏಪ್ರಿಲ್ ಆದರೆ ಉತ್ತಮ. ನಮ್ಮಲ್ಲಿ ಹೇಗೂ ಕಾಫಿ ಕೊಯ್ಲು ಮುಗಿದು, ಕೈಗೆ ನಾಲ್ಕು ಕಾಸು ಬಂದು, ಮಳೆ ಹಿಡಿಯುವ ಮೊದಲು ಒಂದರ ಮೇಲೊಂದು ಮದುವೆ ಬಂದು ಬೀಳುವ ಕಾಲ ಅದು. ಲೆಕ್ಕ ತಪ್ಪದಿದ್ದರೆ ಮಗು ಜನವರಿಗೆ. ರೋಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ, ಕೆಲಸದವರು ಸಿಗದೆ ಒದ್ದಾಡುವಾಗ ಆಸ್ಪತ್ರೆಗೆ ಓಡಬೇಕಾಗುತ್ತದೆ, ನಿಜ. ಆದರೆ ಆಯ್ದ ಮಕ್ಕಳಿಗಷ್ಟೇ ತರಬೇತಿ ಕೊಡುವ ಎಲೈಟ್ ಅಕಾಡೆಮಿ ಅಂದರೆ ಸುಮ್ನೆ ಆಗುತ್ತಾ? ಡಿಸೆಂಬರಿನಲ್ಲಿ ಹುಟ್ಟಿದರೆ ಚೆಸ್ಸಿಗೆ ಹಾಕಿ.

ವಿಷಯ ಇಷ್ಟೇ. ಮಕ್ಕಳ ಫುಟ್ಬಾಲಿನಲ್ಲಿ ವಯಸ್ಸಿನ ಗುಂಪು ಮಾಡುವುದು ಸಾಮಾನ್ಯವಾಗಿ ಜನವರಿ 1ರಿಂದ ಡಿಸೆಂಬರ್ 31ರ ಲೆಕ್ಕದಲ್ಲಿ. ಜನವರಿ ಮೊದಲ ವಾರದ ಹುಡುಗ, ಡಿಸೆಂಬರ್ ಕೊನೆಯ ವಾರದ ಹುಡುಗ, ಇಬ್ಬರೂ ಒಂದೇ ಗುಂಪು. ಒಂಬತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಇಡೀ ಆಯುಸ್ಸಿನ ಹತ್ತರಲ್ಲಿ ಒಂದು ಪಾಲು! ಒಬ್ಬ ಇನ್ನೊಬ್ಬನ ಭುಜಕ್ಕೆ ಬರುತ್ತಾನೆ. ಕೋಚ್ ಎತ್ತರದವನನ್ನು ತೋರಿಸಿ 'ನ್ಯಾಚುರಲ್ ಟ್ಯಾಲೆಂಟ್' ಅನ್ನುತ್ತಾರೆ. ಕ್ಯಾಲೆಂಡರ್ ಒಳಗೊಳಗೇ ನಗುತ್ತದೆ.

ಮೊನ್ನೆ ಅಕ್ಕನ ಮಗನನ್ನು ಇಂಥದೊಂದು ಅಕಾಡೆಮಿಯ ಆಯ್ಕೆಗೆ ಕರೆದುಕೊಂಡು ಹೋಗಿದ್ದೆವು. ಅಕಾಡೆಮಿ ಹೆಸರು ಬೇಡ, ಮುಂದೆ ನನ್ನ ಮಗಳೂ ಆಡಬೇಕಲ್ಲ. ಹುಡುಗ ನವೆಂಬರಿನವನು. ತಂಡದ ಗುರುತಿಗೆ ಕೊಟ್ಟ ತೋಳಿಲ್ಲದ ಬಿಬ್ ಮೊಣಕಾಲಿಗೆ ಇಳಿಯುತ್ತಿತ್ತು, ಅದನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡೇ ಆಡಿದ. ಮೂವರು ದೊಡ್ಡ ಹುಡುಗರು ಮೈಮೇಲೆ ಬಂದಾಗ ಚೆಂಡನ್ನು ಅಂಗಾಲಿನಲ್ಲಿ ಹಿಂದಕ್ಕೆ ಎಳೆದು, ತಲೆ ಎತ್ತಿ ನೋಡಿ, ಇಬ್ಬರ ಕಾಲ ಸಂದಿಯಲ್ಲಿ ಆಚೆ ಬದಿಯವನಿಗೆ ದಾಟಿಸಿದ. ಕೋಚ್ ಆಗ ಟ್ಯಾಬ್ ನೋಡುತ್ತಿದ್ದರು. ಅದರಲ್ಲಿ ಮೂವತ್ತು ಮೀಟರ್ ಓಟದ ಟೈಮಿಂಗ್ ಬರುತ್ತಿತ್ತು.

ಕೊನೆಗೆ ಭಾವನನ್ನು ಕರೆದು ಹೇಳಿದರು: "ಸ್ಕಿಲ್ ಇದೆ ಸರ್, ಫಿಸಿಕ್ ಇಲ್ಲ. ಮುಂದಿನ ವರ್ಷ ಕರ್ಕೊಂಡು ಬನ್ನಿ."

ಭಾವ ಅಂದರು: "ಮುಂದಿನ ವರ್ಷವೂ ಇವನು ನವೆಂಬರಿನವನೇ ಅಲ್ವಾ ಸರ್?"

ಆಯ್ಕೆಯಾದವನು ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ಅವನ ಬಗ್ಗೆ ಬೇಸರವಿಲ್ಲ, ಪಾಪ, ಬೆಳೆದದ್ದು ಅವನ ತಪ್ಪಲ್ಲ. ಇನ್ನು ಅವನಿಗೆ ವಾರವೆಲ್ಲ ತರಬೇತಿ, ಒಳ್ಳೆಯ ಮೈದಾನ, ಒಳ್ಳೆಯ ಜೊತೆ, ಮಂಗಳೂರು-ಬೆಂಗಳೂರಿನಲ್ಲಿ ಮ್ಯಾಚು. ಎರಡು ವರ್ಷದಲ್ಲಿ ಅವನು ನಿಜಕ್ಕೂ ಚೆನ್ನಾಗಿ ಆಡುತ್ತಾನೆ. ಆಗ ಅಕಾಡೆಮಿಯವರು ಎದೆ ತಟ್ಟಿಕೊಂಡು "ನೋಡಿ, ನಮ್ಮ ಕಣ್ಣು ಸುಳ್ಳಾಗಲಿಲ್ಲ" ಅನ್ನುತ್ತಾರೆ. ನರ್ಸರಿಯಲ್ಲಿ ಬೇಗ ಎದ್ದ ಗಿಡಕ್ಕೆ ಮಾತ್ರ ಗೊಬ್ಬರ ಹಾಕಿ, ಉಳಿದದ್ದನ್ನು ಬೇಲಿಯಾಚೆ ಎಸೆದು, ಆಮೇಲೆ ಈ ತಳಿಯೇ ಶ್ರೇಷ್ಠ ಅಂತ ಕಾಫಿ ಬೋರ್ಡಿಗೆ ವರದಿ ಕೊಟ್ಟ ಹಾಗೆ.

ಇದೇನೂ ಹೊಸ ಸುದ್ದಿಯಲ್ಲ. ಕೆನಡಾದ ಐಸ್ ಹಾಕಿಯಲ್ಲಿ ದೊಡ್ಡ ಮಟ್ಟಕ್ಕೆ ಹೋಗುವವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರು 1985ರಲ್ಲೇ ಬರೆದರು. ನನಗೆ ಇಷ್ಟವಾದದ್ದು ಬೆಲ್ಜಿಯಂ ಕಥೆ. ಅಲ್ಲಿ 1997ರಲ್ಲಿ ಮಕ್ಕಳ ಫುಟ್ಬಾಲಿನ ಗಡಿ ತಾರೀಕನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿಸಿದರು. ಅಷ್ಟೇ, ಪ್ರತಿಭೆಯೂ ಗಂಟುಮೂಟೆ ಕಟ್ಟಿಕೊಂಡು ಹೊರಟಿತು! ಅಲ್ಲಿಯವರೆಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹುಟ್ಟಿದ ಮಕ್ಕಳು ಹುಟ್ಟಾ ಆಟಗಾರರಾಗಿದ್ದರು. ಗಡಿ ಸರಿದ ಮೇಲೆ ಜನವರಿ, ಫೆಬ್ರವರಿಯವರು ಹುಟ್ಟಾ ಆಟಗಾರರಾದರು. ಮಕ್ಕಳು ಅವರೇ, ಕಾಲು ಅವೇ. ಒಂದು ಸುತ್ತೋಲೆ ಇಷ್ಟು ಪ್ರತಿಭೆಯನ್ನು ವರ್ಗಾವಣೆ ಮಾಡಿದ್ದು ನಮ್ಮ ಕಂದಾಯ ಇಲಾಖೆಯಲ್ಲೂ ಕೇಳಿಲ್ಲ.

ಇಂಗ್ಲೆಂಡಿನಲ್ಲಿ ಲೆಕ್ಕ ಸೆಪ್ಟೆಂಬರ್ 1ರಿಂದ. ಅಲ್ಲಿ ಜುಲೈ 28ಕ್ಕೆ ಹುಟ್ಟಿದವನು ಗುಂಪಿನ ಬಾಲ. ಅಂಥ ಒಬ್ಬ ದುಂಡನೆಯ ಹುಡುಗನನ್ನು ಆರ್ಸೆನಲ್ ಕ್ಲಬ್ ಎಂಟೊಂಬತ್ತು ವರ್ಷಕ್ಕೇ ಮನೆಗೆ ಕಳಿಸಿತು. ಹೆಸರು ಹ್ಯಾರಿ ಕೇನ್. ಮುಂದೆ ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದವನು ಅವನೇ. ಮುಂದೆ ಇಂಗ್ಲೆಂಡಿಗೇ ಆಡಿದ ಜೇಮೀ ವಾರ್ಡಿಯನ್ನು ಹದಿನಾರಕ್ಕೆ ಕುಳ್ಳ ಅಂತ ಬಿಟ್ಟರು. ಮುಂದೆ ಫ್ರಾನ್ಸ್ ತಂಡದ ತಾರೆಯಾದ ಗ್ರೀಜ್‌ಮನ್‌ಗೆ ಫ್ರಾನ್ಸಿನ ಒಂದೊಂದೇ ಕ್ಲಬ್ ಬಾಗಿಲು ಹಾಕಿತು, ಸ್ಪೇನಿಗೆ ಹೋದ. ಇದನ್ನೆಲ್ಲ ನಾನು ಆಯ್ಕೆಯ ದಿನ ಮೈದಾನದಲ್ಲೇ ನಿಂತಿದ್ದ ಒಬ್ಬ ಕೋಚಿಗೆ ಹೇಳಿದೆ. ಅವರ ಉತ್ತರ: "ಹೊರಗೆ ಹಾಕಿದ್ದರಿಂದಲೇ ಅವರಿಗೆ ಛಲ ಬಂದದ್ದು ಸರ್." ಈ ಮಾತಿಗೆ ಎಲ್ಲಿಯೂ ಸೋಲಿಲ್ಲ. ಆಯ್ಕೆಯಾಗಿ ಗೆದ್ದರೆ ಅಕಾಡೆಮಿಯ ಕಣ್ಣು, ಹೊರಬಿದ್ದು ಗೆದ್ದರೆ ಅಕಾಡೆಮಿ ಕೊಟ್ಟ ಛಲ.

ಎತ್ತರ ಅಳೆಯುವ ಟೇಪಿನ ಕಥೆ ಇನ್ನೂ ಚೆನ್ನಾಗಿದೆ. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಹುಡುಗನ ಎತ್ತರ, ತೂಕ, ಅಪ್ಪ-ಅಮ್ಮನ ಎತ್ತರ ಎಲ್ಲ ಹಿಡಿದು, ಇವನು ಮುಂದೆ ಎಷ್ಟು ಬೆಳೆಯುತ್ತಾನೆ, ಈಗ ಅದರಲ್ಲಿ ಎಷ್ಟು ಪಾಲು ಬೆಳೆದಿದ್ದಾನೆ ಅಂತ ಅಂದಾಜು ಮಾಡುತ್ತಾರೆ. ಯಾಕೆ? ಒಂದೇ ಹದದಲ್ಲಿ ಬೆಳೆದ ಮಕ್ಕಳನ್ನು ಆಗಾಗ ಒಟ್ಟಿಗೆ ಆಡಿಸಿ, ನಿಧಾನಕ್ಕೆ ಬೆಳೆಯುವವನೂ ಚೆಂಡು ಮುಟ್ಟುವ ಹಾಗೆ ಮಾಡುವುದಕ್ಕೆ. ಬೆಲ್ಜಿಯಂನವರಂತೂ ತಡವಾಗಿ ಬೆಳೆಯುವವರಿಗೆ 'ಫ್ಯೂಚರ್ಸ್' ಅಂತ ರಾಷ್ಟ್ರೀಯ ತಂಡವನ್ನೇ ಬೇರೆ ಮಾಡಿದ್ದಾರೆ. ನಮ್ಮವರು ಟೇಪ್ ಮಾತ್ರ ತಂದರು, ಕಾರಣವನ್ನು ಅಲ್ಲೇ ಬಿಟ್ಟು ಬಂದರು. ಫಾರ್ಮಿನಲ್ಲಿ ಅಪ್ಪನ ಎತ್ತರದ ಒಂದು ಕಾಲಂ. ಭಾವ ಐದಡಿ ನಾಲ್ಕಿಂಚು. ಕಾಲಂ ತುಂಬುವಾಗ ಬೂಟಿನ ಹಿಮ್ಮಡಿ ಸೇರಿಸಬಹುದಾ ಅಂತ ಮೆಲ್ಲಗೆ ಕೇಳಿದರು.

ಬಾರ್ಸಿಲೋನಾದಲ್ಲಿ 2000ನೇ ಇಸವಿ ಡಿಸೆಂಬರಿನಲ್ಲಿ, ಬೆಳವಣಿಗೆಗೆ ಇಂಜೆಕ್ಷನ್ ಬೇಕಾಗಿದ್ದ ಹದಿಮೂರರ ಒಬ್ಬ ಪುಟ್ಟ ಹುಡುಗನಿಗಾಗಿ ಅಲ್ಲಿನ ಕ್ಲಬ್ಬಿನ ರೆಶಾಕ್ ಎಂಬಾತ ನ್ಯಾಪ್ಕಿನ್ ಮೇಲೆ ಕರಾರು ಬರೆದುಕೊಟ್ಟ. ಮೆಸ್ಸಿ ಅಂತ ಹುಡುಗನ ಹೆಸರು. ನಮ್ಮ ಕೋಚ್ ಆ ಮೇಜಿನಲ್ಲಿ ಕೂತಿದ್ದರೆ ಅದೇ ನ್ಯಾಪ್ಕಿನ್‌ನಲ್ಲಿ ಕೈ ಒರೆಸಿ ಎದ್ದು ಬರುತ್ತಿದ್ದರು.

ಇನ್ನು ತೋಟದ ಕೆಲಸದವರ ಲೈನ್ ಮನೆಯ ಹುಡುಗರು. ಕಾಫಿ ಒಣಗಿಸುವ ಕಣದಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳನ್ನು ನೋಡಿದ್ದೀರಾ? ಹುಟ್ಟಿದ ದಿನ ಗೊತ್ತಿಲ್ಲದ ಕೆಲವರಿಗೆ ಆಧಾರ್‌ನಲ್ಲಿ ಜನವರಿ 1 ಅಂತಲೇ ಬಿದ್ದಿರುತ್ತದೆ. ಅಂದರೆ ಕಾಗದದ ಮೇಲೆ ಅಕಾಡೆಮಿ ಹುಡುಕುತ್ತಿರುವ ಆದರ್ಶ ಮಗು! ಆದರೆ ರಿಜಿಸ್ಟ್ರೇಷನ್ ಕೌಂಟರಿನಲ್ಲಿ ಮೊದಲು ಕೇಳುವುದು ಯುಪಿಐ.

ಜಿಲ್ಲೆಗೆ ಆಟ ಹೊಸದೇನಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿಯಲ್ಲಿ ಆಯ್ಕೆಗೆ ಮನೆತನದ ಹೆಸರೊಂದಿದ್ದರೆ ಸಾಕು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಓಡುತ್ತಾರೆ, ಓಡಲಾಗದವರು ಹೊರಗಿಂದ ಬೈಯುತ್ತಾರೆ. ಅದಕ್ಕೂ ಎಷ್ಟೋ ಮೊದಲು, 1980ರಲ್ಲಿ ಎಂ.ಎಂ. ಸೋಮಯ್ಯ ಮಾಸ್ಕೋ ಒಲಿಂಪಿಕ್ಸಿನಿಂದ ಚಿನ್ನ ತಂದ ಹಾಕಿ ತಂಡದಲ್ಲಿದ್ದಾಗ ಇಲ್ಲಿ ಯಾವ ಮಗುವಿನ ಬೆನ್ನಿಗೂ ಜಿಪಿಎಸ್ ಕಟ್ಟಿರಲಿಲ್ಲ. ಈಗ ಎಂಟು ವರ್ಷದವನಿಗೆ ಅದರ ಅಂಗಿ ಹಾಕಿಸಿ, ಅವನು ಎಷ್ಟು ಕಿಲೋಮೀಟರ್ ಓಡಿದ ಅಂತ ರಾತ್ರಿ ಅಪ್ಪನ ವಾಟ್ಸಾಪಿಗೆ ಗ್ರಾಫ್ ಕಳಿಸುತ್ತಾರೆ. ನೆದರ್ಲೆಂಡ್ಸಿನ ಅಜಾಕ್ಸ್ ಕ್ಲಬ್ಬಿನವರು ಮಕ್ಕಳಲ್ಲಿ ಹುಡುಕುವುದು ತಂತ್ರ, ಆಟದ ಅರಿವು, ವ್ಯಕ್ತಿತ್ವ, ವೇಗ. ಆ ನಾಲ್ಕರಲ್ಲಿ ಎತ್ತರ ಇಲ್ಲ. ಅಪ್ಪನ ತೋಟ ಎಷ್ಟು ಎಕರೆ ಅಂತಲೂ ಇಲ್ಲ.

ಮನೆಗೆ ಬಂದು ಎರಡು ದಿನಕ್ಕೆ ಭಾವನಿಗೆ ಮೆಸೇಜ್ ಬಂತು. ಹುಡುಗ ಎಲೈಟ್ ತಂಡಕ್ಕೆ ಆಯ್ಕೆಯಾಗಿಲ್ಲ, ಆದರೆ 'ಪ್ರೀ-ಎಲೈಟ್ ಡೆವಲಪ್‌ಮೆಂಟ್ ಸ್ಕ್ವಾಡ್'ಗೆ ಆಯ್ಕೆಯಾಗಿದ್ದಾನೆ, ಅಭಿನಂದನೆಗಳು. ಆಯ್ಕೆಗೆ ಬಂದು ಹೊರಬಿದ್ದ ಅಷ್ಟೂ ಮಕ್ಕಳು ಅದರಲ್ಲಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಎಲೈಟ್‌ನವರಿಗೆ ಫೀಸಿನಲ್ಲಿ ರಿಯಾಯಿತಿ, ಇವರಿಗೆ ಪೂರ್ತಿ. ಮುಖ್ಯ ಕೋಚ್ ತಿಂಗಳಿಗೊಮ್ಮೆ ಬರುತ್ತಾರಂತೆ, ಮಳೆ ಇಲ್ಲದಿದ್ದರೆ. ಮಳೆ ಇಲ್ಲದಿದ್ದರೆ, ಕೊಡಗಿನಲ್ಲಿ!

ಭಾವ ಫೀಸು ಕಟ್ಟಿಬಿಟ್ಟರು. ಈ ವರ್ಷ ಕರಿಮೆಣಸಿಗೆ ಒಳ್ಳೆಯ ರೇಟು ಇತ್ತು.