ಎಫ್ ಅಕ್ಷರದ ಚಿಹ್ನೆ ಒತ್ತಲು ಯಾವ ಭಾಷೆ ಬೇಕು ಮಾರಾಯ್ರೆ?

ವಿಕಿಡೇಟಾ ಎಂದರೆ ವಿಕಿಪೀಡಿಯ ಬಳಗದ ಮಾಹಿತಿ ಭಂಡಾರ. ಅಲ್ಲಿ ಒಂದೊಂದು ವಿಷಯಕ್ಕೂ ಐಟಂ ಎಂಬ ಪುಟ, ಅದರಲ್ಲಿ ಪಿ ಸಂಖ್ಯೆಯ ಪ್ರಾಪರ್ಟಿಗಳು (ಮಾಹಿತಿಯ ಕಲಮುಗಳು), ಅವಕ್ಕೆ ಮೌಲ್ಯಗಳು. ಒಂದು ರಂಗತಂಡದ ಐಟಂನಲ್ಲಿ ಅವರ ಹೊಸ ಫೇಸ್‌ಬುಕ್ ಯೂಸರ್‌ನೇಮ್ ಹಾಕಿದ್ದೆ, ಇನ್ನೊಬ್ಬ ಸಂಪಾದಕರು ಬಂದು ಕೆಡಿಸಿದ್ದಾರೆ. ರೆಫರೆನ್ಸ್, ಅಂದರೆ ಆಕರ, ಕಿತ್ತು ಬಿಸಾಡಿದ್ದಾರೆ. ಹಳೆಯ ಹೆಸರು ಯಾವಾಗ ಮುಗಿಯಿತು ಎಂಬ ಎಂಡ್ ಟೈಮ್ ಹಾಕಿದ್ದೆ, ಅದೂ ಇಲ್ಲ. ಹೊಸ ಯೂಸರ್‌ನೇಮ್ ಅಳಿಸಿ, ಕೈಬಿಟ್ಟುಹೋದ ಹಳೆಯದನ್ನೇ ತಂದು ಕೂರಿಸಿದ್ದಾರೆ. ಅದಕ್ಕೆ ಕೊಟ್ಟ ಆಧಾರ ಏನು ಗೊತ್ತುಂಟಾ? "ಇಂಗ್ಲಿಷ್ ವಿಕಿಪೀಡಿಯದಿಂದ ಆಮದು." ಅಂದರೆ ಪಿ143. ವಿಕಿಡೇಟಾದಲ್ಲಿ ಇದಕ್ಕಿಂತ ಬಡಕಲು ರೆಫರೆನ್ಸ್ ಇನ್ನೊಂದಿಲ್ಲ. ಅದನ್ನು ಉಳಿಸಿಕೊಂಡು, ಸಂಸ್ಥೆಯ ಸ್ವಂತ ಜಾಲತಾಣದ ಕೊಂಡಿ ತೆಗೆದಿದ್ದಾರೆ!

ರಂಗತಂಡದ ಹೆಸರು ಇಲ್ಲಿ ಬೇಡ, ಪಾಪ, ಅವರದೇನೂ ತಪ್ಪಿಲ್ಲ. ಫೇಸ್‌ಬುಕ್ ಪುಟದ ಯೂಸರ್‌ನೇಮ್ ಬದಲಿಸಿಕೊಂಡರು, ಅಷ್ಟೇ. ಖಾಲಿ ಬಿದ್ದ ಹಳೆಯ ಹೆಸರನ್ನು ಯಾರೋ ಎತ್ತಿಕೊಂಡರು, ಈಗ ಅಲ್ಲಿ ಬೆಟ್ಟಿಂಗ್ ಆ್ಯಪಿನ ಜಾಹೀರಾತು ಕುಣಿಯುತ್ತಿದೆ. ಇಂಥದ್ದಕ್ಕೆಂದೇ ಕ್ವಾಲಿಫೈಯರ್, ಅಂದರೆ ಮೌಲ್ಯಕ್ಕೆ ಅಂಟಿಸುವ ಹೆಚ್ಚುವರಿ ವಿವರ, ಇರುವುದು. ಹಳೆಯದನ್ನು ಅಳಿಸುವ ಹಾಗಿಲ್ಲ. ಫೇಸ್‌ಬುಕ್ ಯೂಸರ್‌ನೇಮಿನ ಪ್ರಾಪರ್ಟಿ ಪಿ2013, ಅದರ ಹಳೆಯ ಮೌಲ್ಯಕ್ಕೆ ಎಂಡ್ ಟೈಮಿನ ಪಿ582 ಸೇರಿಸಿ ಯಾವಾಗ ಮುಗಿಯಿತು ಎಂದು ಬರೆಯಬೇಕು. ಹೊಸ ಮೌಲ್ಯ ಇನ್ನೊಂದು ಸಾಲಾಗಿ ಬರಬೇಕು, ಅದಕ್ಕೆ ಸ್ಟಾರ್ಟ್ ಟೈಮಿನ ಪಿ580, ಮೌಲ್ಯಗಳಲ್ಲಿ ಯಾವುದು ಮುಂದೆ ಎಂದು ಹೇಳುವ ರ‍್ಯಾಂಕ್ ಪ್ರಿಫರ್ಡ್. ಹಳೆಯದರ ರ‍್ಯಾಂಕ್ ನಾರ್ಮಲ್‌ನಲ್ಲೇ ಇರಲಿ. ಅದನ್ನು ಡೆಪ್ರಿಕೇಟೆಡ್ ಮಾಡುವವರೂ ಇದ್ದಾರೆ, ಅದು ತಪ್ಪು. ಡೆಪ್ರಿಕೇಟೆಡ್ ಇರುವುದು ಯಾವ ಕಾಲಕ್ಕೂ ಸರಿಯಾಗಿರದಿದ್ದ ಮಾಹಿತಿಗೆ. ಒಂದು ಕಾಲಕ್ಕೆ ಸರಿಯಿದ್ದು ಈಗ ಹಳತಾದದ್ದಕ್ಕೆ ಅಲ್ಲ. ರೆಫರೆನ್ಸಿನಲ್ಲಿ ಪಿ854ಕ್ಕೆ ಜಾಲತಾಣದ ವಿಳಾಸ, ಪಿ813ಕ್ಕೆ ನೋಡಿದ ದಿನಾಂಕ. ವಿಕಿಪೀಡಿಯದ ಟೆಂಪ್ಲೇಟುಗಳು (ಪುಟದಲ್ಲಿ ಬಳಸುವ ಸಿದ್ಧ ಅಚ್ಚುಗಳು) ಸಾಮಾನ್ಯವಾಗಿ ಅತಿ ಮೇಲಿನ ರ‍್ಯಾಂಕಿನ ಮೌಲ್ಯವನ್ನೇ ಎತ್ತಿಕೊಳ್ಳುತ್ತವೆ. ಹಾಗಾಗಿ ಓದುಗನಿಗೆ ಹೊಸ ಪುಟ ಸಿಗುತ್ತದೆ, ಹಳೆಯ ಕೊಂಡಿ ಎಲ್ಲೋ ನೋಡಿದವನಿಗೆ ಅದು ಯಾವತ್ತಿನವರೆಗೆ ಇವರದ್ದಾಗಿತ್ತು ಎಂದೂ ಗೊತ್ತಾಗುತ್ತದೆ. ಇದೆಲ್ಲ ಹೀಗೆಯೇ ಇತ್ತು. ಅಚ್ಚುಕಟ್ಟಾಗಿ ಇತ್ತು.

ಅಳಿಸಿದ್ದಕ್ಕೆ ಕಾರಣ ಕೇಳಿದೆ. ಮರ್ಯಾದೆಯಾಗಿಯೇ ಕೇಳಿದೆ. ಉತ್ತರ: ಆಕರ ಪರಭಾಷೆಯಲ್ಲಿದೆ, ಪರಿಶೀಲಿಸಲಾಗದು, ಜೊತೆಗೆ ಒಂದು ಐಟಂಗೆ ಒಂದು ಮೌಲ್ಯ ಸಾಕು. ಅಷ್ಟಕ್ಕೆ ನಿಲ್ಲಲಿಲ್ಲ. ಕೆಳಗೆ ನನ್ನ ಚರ್ಚಾಪುಟದಲ್ಲಿ ಸ್ವಾಗತದ ಟೆಂಪ್ಲೇಟ್ ಅಂಟಿಸಿದರು. ವಿಕಿಡೇಟಾಕ್ಕೆ ಸ್ವಾಗತ, ಇದು ಯಾರು ಬೇಕಾದರೂ ಸಂಪಾದಿಸಬಹುದಾದ ಜ್ಞಾನಭಂಡಾರ, ಮೊದಲು ಪರಿಚಯ ಓದಿ, ಟೂರ್ ಮಾಡಿ, ಹೆದರಬೇಡಿ ಎಂಬ ಧಾಟಿಯದ್ದು. ಬಣ್ಣದ ಚೌಕಟ್ಟು, ಲೋಗೊ, ಕೊನೆಗೆ ಅವರ ಸಹಿ.

ಆ ಚರ್ಚಾಪುಟವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಮಾರಾಯ್ರೆ. ಪ್ರಾಪರ್ಟಿ ಪ್ರಸ್ತಾಪದ ಚರ್ಚೆಗೆ ಕರೆದ ಸಂದೇಶಗಳಿವೆ, ಎರಡು ಐಟಂ ವಿಲೀನ ಮಾಡಿದ್ದಕ್ಕೆ ಥ್ಯಾಂಕ್ಸ್ ಇದೆ, ರೆಗ್ಯುಲರ್ ಎಕ್ಸ್‌ಪ್ರೆಶನ್ ತಿದ್ದಿದ ಬಗ್ಗೆ ಉದ್ದದ ಜಗಳ ಇದೆ. ಅದೆಲ್ಲದರ ಕೆಳಗೆ, ಎಲ್ಲಕ್ಕಿಂತ ಹೊಸದಾಗಿ, "ಸ್ವಾಗತ". ಹೊಸಬರು ಎಂದು ನಿಜಕ್ಕೂ ಅಂದುಕೊಂಡರೋ, ಅಲ್ಲ ಬೇಕೆಂದೇ ಮೂತಿಗೆ ತಿವಿದರೋ? ನನಗೆ ಎರಡನೆಯದೇ ಅನ್ನಿಸುತ್ತದೆ. ಬೈದಿದ್ದರೆ ಬೈಗುಳಕ್ಕೆ ನಿಯಮ ಉಂಟು, ದೂರು ಕೊಡಬಹುದು. ಸ್ವಾಗತ ಕೋರಿದವರ ಮೇಲೆ ಏನೆಂದು ದೂರು ಕೊಡುವುದು? ಅಳಿಸಿದರೆ ಸಣ್ಣಬುದ್ಧಿ, ಬಿಟ್ಟರೆ ಬಂದವರೆಲ್ಲ ಓದಿ ನಗುತ್ತಾರೆ. ಅದು ಈಗಲೂ ಅಲ್ಲೇ ಇದೆ.

ಪರಭಾಷೆಯಂತೆ. ಜಾಲತಾಣದ ಅಡಿಯಲ್ಲಿ ನೀಲಿ ಬಣ್ಣದ ಎಫ್ ಇದೆ. ಅದನ್ನು ಒತ್ತಿದರೆ ಫೇಸ್‌ಬುಕ್ ಪುಟ ತೆರೆದುಕೊಳ್ಳುತ್ತದೆ. ಅದಕ್ಕೆ ಕನ್ನಡ ಬರಬೇಕೇ? ಜಪಾನಿ ಸಂಸ್ಥೆಗಳ ಜಾಲತಾಣ ನೋಡಿ ನಾವು ಹೀಗೆಯೇ ಹಾಕುತ್ತೇವಲ್ಲ, ಜಪಾನಿ ಕಲಿತು ಹಾಕುತ್ತೇವೆಯೇ?

ಒಂದೇ ಮೌಲ್ಯ ಸಾಕು ಎಂಬ ಮಾತಿಗೆ ಬರೋಣ. ಪ್ರಾಪರ್ಟಿಯ ಮೇಲೆ ಪಿ2302 ಮೂಲಕ, ಮೌಲ್ಯ ಹೇಗಿರಬೇಕೆಂಬ ಕಟ್ಟುಪಾಡು, ಅಂದರೆ ಕನ್‌ಸ್ಟ್ರೇಂಟ್ ಹಾಕಿರುತ್ತಾರೆ. ಒಂದೇ ಮೌಲ್ಯ ಇರಲಿ ಎನ್ನುವ ಕನ್‌ಸ್ಟ್ರೇಂಟಿಗೆ ಸೆಪರೇಟರ್ ಅಂತ ಉಂಟು. ಸ್ಟಾರ್ಟ್ ಟೈಮ್, ಭಾಷೆ ಮುಂತಾದ ಕ್ವಾಲಿಫೈಯರ್ ಸೆಪರೇಟರ್ ಆಗಿದ್ದರೆ ಎರಡು ಮೌಲ್ಯ ಇದ್ದರೂ ಎಚ್ಚರಿಕೆ ಬರುವುದಿಲ್ಲ. ಒಂದು ಸಂಸ್ಥೆಗೆ ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ಪುಟ ಇದ್ದರೆ ಪಿ407ರಲ್ಲಿ ಭಾಷೆ ಹೇಳಿ ಎರಡನ್ನೂ ಹಾಕಬಹುದು. ಕೆಲವರು ಮಾತ್ರ ಎಚ್ಚರಿಕೆ ಚಿಹ್ನೆ ಕಂಡ ಕೂಡಲೇ ಮೌಲ್ಯ ಅಳಿಸಿ ಚಿಹ್ನೆ ಮಾಯ ಮಾಡುತ್ತಾರೆ. ಪಟ್ಟಿ ಖಾಲಿಯಾಗುತ್ತದೆ, ಅವರಿಗೆ ನಿದ್ದೆ ಬರುತ್ತದೆ. ಚಿಹ್ನೆ ಹೇಳುವುದು "ನೋಡು" ಎಂದು, "ಅಳಿಸು" ಎಂದಲ್ಲ.

ಬಿಡಿ, ನಾನಿನ್ನು ಮುಟ್ಟುವುದಿಲ್ಲ. ಹತ್ತು ಕೋಟಿಗೂ ಹೆಚ್ಚು ಐಟಂ ಇವೆಯಂತೆ, ಒಂದು ತಪ್ಪಿದ್ದರೆ ಲೋಕ ಮುಳುಗುವುದಿಲ್ಲ.

ಆದರೆ ಒಂದಲ್ಲವಲ್ಲ! ಇವರು ಮಾಡಿದ್ದು ಬ್ಯಾಚಿನಲ್ಲಿ, ಅಂದರೆ ಗುಂಪಾಗಿ ಒಂದೇ ಸಲಕ್ಕೆ. ಪಟ್ಟಿ ಕೊಟ್ಟರೆ ತಾನೇ ಸಂಪಾದಿಸುವ ಸಲಕರಣೆ ಕ್ವಿಕ್‌ಸ್ಟೇಟ್‌ಮೆಂಟ್ಸ್‌ಗೆ ಪಟ್ಟಿ ಸುರಿದು ಗುಂಡಿ ಒತ್ತಿ ಚಹಾ ಕುಡಿಯಲು ಹೋದ ಹಾಗಿದೆ. ಆ ಪಟ್ಟಿಯನ್ನು ತೆರೆದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲನೆಯದು ಶೇರ್ ಕೊಂಡಿ. ಫೋನಿನಲ್ಲಿ ಶೇರ್ ಒತ್ತಿದರೆ ಫೇಸ್‌ಬುಕ್ ಕೊಡುವುದು ಸ್ಲ್ಯಾಶ್ ಶೇರ್ ಸ್ಲ್ಯಾಶ್ ಎಂದು ಶುರುವಾಗಿ ತಲೆಬುಡ ಇಲ್ಲದ ಅಕ್ಷರಗಳ ಸಾಲು. ಅದು ಪುಟದ ಐಡಿ ಅಲ್ಲ. ಬ್ರೌಸರಿನಲ್ಲಿ ತೆರೆದು, ಅದು ನಿಜವಾದ ವಿಳಾಸಕ್ಕೆ ತಿರುಗಿದ ಮೇಲೆ ಅಲ್ಲಿಂದ ಎತ್ತಿಕೊಳ್ಳಬೇಕು. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದ್ದು ಹೆಚ್ಚಾಗಿ ಕಸ: ಫೇಸ್‌ಬುಕ್ಕಿನ ಎಂಐಬೆಕ್ಸ್ಟ್ಐಡಿ, ಇನ್‌ಸ್ಟಾಗ್ರಾಮಿನ ಐಜಿಎಸ್‌ಎಚ್, ಯೂಟ್ಯೂಬಿನ ಎಸ್‌ಐ, ಎಲ್ಲವೂ ಹಂಚಿಕೆಯ ಜಾಡು ಹಿಡಿಯಲು. ಅಪವಾದ ಒಂದೇ, ಪ್ರೊಫೈಲ್ ಡಾಟ್ ಪಿಎಚ್‌ಪಿ ಎಂದಿದ್ದರೆ ಪ್ರಶ್ನೆಯ ಮುಂದಿನ ಐಡಿ ಸಂಖ್ಯೆಯೇ ಬೇಕಾದದ್ದು. ಅದನ್ನೂ ಕತ್ತರಿಸಿದ್ದಾರೆ. ಒಂದಷ್ಟು ಐಟಂಗಳಲ್ಲಿ ಪಿ2013ರ ಮೌಲ್ಯ ಈಗ ಬರೇ "ಪ್ರೊಫೈಲ್ ಡಾಟ್ ಪಿಎಚ್‌ಪಿ". ಊರಿನ ಶಾಲೆ, ಯಕ್ಷಗಾನ ಮೇಳ, ಸಹಕಾರ ಸಂಘ, ಎಲ್ಲರಿಗೂ ಒಂದೇ ಐಡಿ. ಎಂಥಾ ಸಮಾನತೆ!

ಇನ್ನು ಚುಕ್ಕೆ. ಫೇಸ್‌ಬುಕ್ ಯೂಸರ್‌ನೇಮಿನಲ್ಲಿ ಚುಕ್ಕೆಗೂ ದೊಡ್ಡಕ್ಷರಕ್ಕೂ ಬೆಲೆ ಇಲ್ಲ. ನಡುವೆ ಚುಕ್ಕೆ ಇಟ್ಟರೂ ತೆಗೆದರೂ ಅದೇ ಪುಟ ಬರುತ್ತದೆ. ವಿಕಿಡೇಟಾಕ್ಕೆ ಅದು ಗೊತ್ತಿಲ್ಲ, ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಂದೇ ಯೂಸರ್‌ನೇಮ್ ಎರಡು ಐಟಂಗಳಲ್ಲಿ ಇದ್ದರೆ ಎಚ್ಚರಿಕೆ ಬರುತ್ತದೆ, ಮತ್ತು ಆ ಎಚ್ಚರಿಕೆಯೇ ನಮಗೆ ಚಿನ್ನ: ಕನ್ನಡ ವಿಕಿಪೀಡಿಯದ ಲೇಖನಕ್ಕೆ ಒಂದು ಐಟಂ, ಇಂಗ್ಲಿಷಿನದ್ದಕ್ಕೆ ಬೇರೆ ಐಟಂ ಆಗಿ ಕೂತಿರುವ ಒಂದೇ ಸಂಸ್ಥೆಯನ್ನು ಹೀಗೇ ಹುಡುಕಿ ವಿಲೀನ ಮಾಡುವುದು. ಒಂದರಲ್ಲಿ ಚುಕ್ಕೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎಚ್ಚರಿಕೆ ಬರುವುದೇ ಇಲ್ಲ. ಆದ್ದರಿಂದ ಪುಟ ತೆರೆದಾಗ ಫೇಸ್‌ಬುಕ್ಕೇ ವಿಳಾಸಪಟ್ಟಿಯಲ್ಲಿ ತೋರಿಸುವ ರೂಪವನ್ನು ಹಾಗೆಯೇ ಹಾಕಬೇಕು.

ಅಕ್ಷರ ಸಣ್ಣದು ಮಾಡುವ ಚಟ ಬೇರೆ. ಇಡೀ ಪಟ್ಟಿಯನ್ನು ಒಟ್ಟಿಗೆ ಸಣ್ಣಕ್ಷರಕ್ಕೆ ಇಳಿಸಿದ್ದಾರೆ. ಟ್ವಿಟರ್ (ಈಗಿನ ಎಕ್ಸ್) ಹೆಸರಿಗೆ ಪರವಾಗಿಲ್ಲ. ಯೂಟ್ಯೂಬ್ ಚಾನೆಲ್ ಐಡಿಗೆ? ಪಿ2397ರ ಮೌಲ್ಯ ಯು ಸಿ ಎಂಬ ಎರಡು ದೊಡ್ಡಕ್ಷರದಿಂದ ಶುರುವಾಗುವ 24 ಅಕ್ಷರಗಳದ್ದು. ಅದರಲ್ಲಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಇಳಿಸಿದರೆ ಸತ್ತಂತೆ. ಅದರ ರೂಪ ತಪ್ಪಿದೆ ಎಂದು ವಿಕಿಡೇಟಾ ಕೂಗಿ ಹೇಳುತ್ತಿದೆ, ನೋಡುವವರು ಬೇಕಲ್ಲ. ಅಲ್ಲದೆ ಅಟ್ ಚಿಹ್ನೆಯ ಹ್ಯಾಂಡಲ್ ಬೇರೆ ಪ್ರಾಪರ್ಟಿ, ಪಿ11245. 2022ರಲ್ಲಿ ಯೂಟ್ಯೂಬ್ ಹ್ಯಾಂಡಲ್ ತಂದಾಗಿನಿಂದ ಜನ ಅದನ್ನು ಚಾನೆಲ್ ಐಡಿಯ ಜಾಗದಲ್ಲಿ ತುರುಕುತ್ತಿದ್ದಾರೆ. ಹ್ಯಾಂಡಲ್ ಬದಲಾಗುತ್ತದೆ, ಚಾನೆಲ್ ಐಡಿ ಬದಲಾಗುವುದಿಲ್ಲ. ಚಾನೆಲಿನ ವಿವರದಲ್ಲಿ ಶೇರ್ ಚಾನೆಲ್ ಒತ್ತಿದರೆ ಕಾಪಿ ಚಾನೆಲ್ ಐಡಿ ಅಂತಲೇ ಇದೆ, ಹುಡುಕಬೇಕಾಗಿಯೂ ಇಲ್ಲ.

ಹೆಸರು ಎಂದರೆ ಗೇಟಿಗೆ ಹಾಕಿದ ಬೋರ್ಡು, ಸಂಖ್ಯೆ ಎಂದರೆ ಸರ್ವೆ ನಂಬರು. ಬೋರ್ಡು ಯಾವಾಗ ಬೇಕಾದರೂ ಇಳಿಸಬಹುದು. ಟ್ವಿಟರಿನಲ್ಲಿ ಪಿ2002ಕ್ಕೆ ಹೆಸರು, ಅದರ ಕ್ವಾಲಿಫೈಯರ್ ಆಗಿ ಪಿ6552ರಲ್ಲಿ ಸಂಖ್ಯೆ ಎಂದು ಇಟ್ಟಿರುವುದೇ ಇದಕ್ಕೆ. 2023ರಲ್ಲಿ ಟ್ವಿಟರ್ ಉಚಿತ ಎಪಿಐ (ಪ್ರೋಗ್ರಾಮ್ ಮೂಲಕ ಮಾಹಿತಿ ತರುವ ದಾರಿ) ಮುಚ್ಚಿದ ಮೇಲೆ ಆ ಸಂಖ್ಯೆ ತರುವುದು ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ಹಾಗೆ ತಂದು ಇಟ್ಟದ್ದನ್ನು "ಅನಗತ್ಯ ಕ್ವಾಲಿಫೈಯರ್" ಎಂದು ಗುಡಿಸಿದ್ದಾರೆ!

ಕನ್ನಡದ ಪುಟಗಳಿಗೆ ಇದು ಇನ್ನೂ ಪೆಟ್ಟು. ಫೇಸ್‌ಬುಕ್ ಯೂಸರ್‌ನೇಮಿನಲ್ಲಿ ಕನ್ನಡ ಅಕ್ಷರ ಸೇರುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟು ಯೂಸರ್‌ನೇಮ್ ಮಾಡಿಕೊಳ್ಳದ ಪುಟಗಳ ವಿಳಾಸದಲ್ಲಿ ಹೆಸರು, ಆಮೇಲೆ ಸಂಖ್ಯೆ. ಕಾಪಿ ಮಾಡಿದರೆ ಹೆಸರಿನ ಭಾಗ ಪರ್ಸೆಂಟ್ ಇ0 ಪರ್ಸೆಂಟ್ ಬಿ2 ಎಂದು ಹಿಗ್ಗುತ್ತದೆ. ಒಂದೊಂದು ಕನ್ನಡ ಸಂಕೇತಕ್ಕೆ ಒಂಬತ್ತು ಅಕ್ಷರ, ಒತ್ತಕ್ಷರ, ಗುಣಿತ ಎಲ್ಲ ಪ್ರತ್ಯೇಕ ಲೆಕ್ಕ. "ಶ್ರೀ" ಎಂಬ ಒಂದೇ ಅಕ್ಷರ ಶ, ವಿರಾಮ, ರ, ಈ ಸೇರಿ ಮೂವತ್ತಾರು. ಅದರಲ್ಲಿ ನಮಗೆ ಬೇಕಾದದ್ದು ಕೊನೆಯ ಸಂಖ್ಯೆ ಮಾತ್ರ. ಅದೂ ಕಣ್ಣುಮುಚ್ಚಿ ಅಲ್ಲ. ವಿಳಾಸದ ಸಂಖ್ಯೆಯೂ ಪೇಜ್ ಟ್ರಾನ್ಸ್‌ಪರೆನ್ಸಿಯಲ್ಲಿ ಕಾಣುವ ಪೇಜ್ ಐಡಿಯೂ ಒಂದೇ ಆಗಿರಬೇಕೆಂದಿಲ್ಲ, ತೆರೆದು ನೋಡಬೇಕು. ಪುಟ ಯಾವಾಗ ಹುಟ್ಟಿತು, ಹೆಸರು ಬದಲಾಯಿತೇ ಎಂಬುದೂ ಅಲ್ಲೇ ಸಿಗುತ್ತದೆ. ಈ ಬ್ಯಾಚಿನವರು ಪರ್ಸೆಂಟ್ ಚಿಹ್ನೆ ಕಂಡದ್ದನ್ನೆಲ್ಲ "ಕಿಡಿಗೇಡಿತನ" ಎಂದು ಬರೆದು ತೆಗೆದಿದ್ದಾರೆ. ಬಿಡಿಸಿ ಓದಿದರೆ ಅಲ್ಲಿರುವುದು ಕನ್ನಡ ಸಂಘ, ಗ್ರಂಥಾಲಯ, ದೇವಸ್ಥಾನ.

ನನ್ನನ್ನೂ ಸ್ವಲ್ಪ ನೋಡಿ. ಒಂದು ಚುಕ್ಕೆಗೆ, ಒಂದು ಎಂಡ್ ಟೈಮ್‌ಗೆ ಕಣ್ಣು ಕೆಂಪು ಮಾಡಿಕೊಂಡು ಕೂತ ಆಸಾಮಿ. ಸಂಬಳ ಇಲ್ಲ, ಹೆಸರಿಲ್ಲ. ವಿಕಿಡೇಟಾದ ಪರವಾನಗಿ ಸಿಸಿ ಝೀರೋ, ಹಾಗಾಗಿ ಎತ್ತಿಕೊಂಡು ಹೋದವರು ಹೇಳಿ ಹೋಗಬೇಕೆಂದೂ ಇಲ್ಲ. ಸಿಟ್ಟು ಮಾತ್ರ ಸರ್ಕಾರಿ ಮಟ್ಟದ್ದು.

ಸರ್ಕಾರಿ ಎಂದಾಗ ನೆನಪಾಯಿತು. ಅದೇ ಪಟ್ಟಿಯಲ್ಲಿ ಹುದ್ದೆಯ ಖಾತೆಗಳನ್ನು ವ್ಯಕ್ತಿಯ ಐಟಂಗೆ ಹಾಕಿದ್ದೂ ಇದೆ. ಕರ್ನಾಟಕದ ಮುಖ್ಯಮಂತ್ರಿ ಕಚೇರಿಯ ಟ್ವಿಟರ್ ಖಾತೆ ಕುರ್ಚಿಗೆ ಸೇರಿದ್ದು, ಕೂತವರಿಗಲ್ಲ. 2023ರ ಮೇ ತಿಂಗಳಲ್ಲಿ ಬೊಮ್ಮಾಯಿ ಇಳಿದು ಸಿದ್ದರಾಮಯ್ಯ ಬಂದರು, ಖಾತೆ ಅಲ್ಲೇ ಉಳಿಯಿತು. ಅದು ಇರಬೇಕಾದದ್ದು ಕಚೇರಿಯ ಐಟಂನಲ್ಲಿ. ವ್ಯಕ್ತಿಗೆ ಅವರ ಸ್ವಂತ ಖಾತೆ. ಇದನ್ನು ತಿದ್ದಿದರೆ ಅದಕ್ಕೂ ರಿವರ್ಟ್, ಅಂದರೆ ಮೊದಲಿದ್ದಂತೆ ವಾಪಸ್.

ಯಾರಾದರೂ ಉತ್ತರ ಕೊಡಿ. ಆಕರದ ಭಾಷೆ ಬರದವರು ಆಕರ ತೆಗೆಯಬಹುದೇ? ಬರುವವರನ್ನು ಕೇಳಲು ಒಂದು ಸಾಲು ಬರೆದರೆ ಸಾಕಿತ್ತಲ್ಲ? ಇಷ್ಟು ದೊಡ್ಡ ಬ್ಯಾಚ್ ಓಡಿಸುವ ಮುಂಚೆ ಹತ್ತು ಐಟಂ ಮೇಲೆ ಪರೀಕ್ಷೆ ಮಾಡಿ, ಒಂದೊಂದೂ ಕೊಂಡಿ ಒತ್ತಿ ನೋಡಬೇಕು ಎಂಬುದು ಯಾರಿಗೂ ಅನ್ವಯಿಸುವುದಿಲ್ಲವೇ? ಈಗ ರಂಗತಂಡದ ಐಟಂನಿಂದ ಓದುಗರು ಹೋಗುತ್ತಿರುವುದು ಬೆಟ್ಟಿಂಗ್ ಪುಟಕ್ಕೆ. ಅದಕ್ಕೆ ಯಾರು ಹೊಣೆ, ಸ್ವಾಗತ ಕೋರಿದವರೇ?

ಮತ್ತೆ ನಾನಾಗಿ ರಿವರ್ಟ್ ಮಾಡಿದರೆ ಎಡಿಟ್ ವಾರ್ ಎನ್ನುತ್ತಾರೆ, ಅದು ಅವರಿಗೆ ಬೇಕಾದದ್ದೇ. ಹಾಗಾಗಿ ಮಾಡಿಲ್ಲ. ಇವರ ಬ್ಯಾಚ್, ಗುಂಪು ಸಂಪಾದನೆಗಳನ್ನು ತೋರಿಸುವ ಎಡಿಟ್‌ಗ್ರೂಪ್ಸ್ ಸಲಕರಣೆಯಲ್ಲಿ ಕಾಣಿಸುತ್ತಿದೆ, ಅಲ್ಲಿಂದ ಇಡೀ ಗುಂಪನ್ನು ಒಟ್ಟಿಗೆ ಹಿಂದೆಗೆಯಬಹುದು. ನಡುವೆ ಬೇರೆಯವರು ಕೈಯಾಡಿಸಿದ ಐಟಂಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು. ಸತ್ತ ಚಾನೆಲ್ ಐಡಿಗಳ ಪಟ್ಟಿ, ಪ್ರೊಫೈಲ್ ಡಾಟ್ ಪಿಎಚ್‌ಪಿ ಪಟ್ಟಿ, ಹುದ್ದೆ ಮತ್ತು ವ್ಯಕ್ತಿ ಬೆರೆತ ಪಟ್ಟಿ, ಮೂರನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದೇನೆ. ಇವತ್ತು ರಾತ್ರಿ ವಿಕಿಡೇಟಾದ ಸಾರ್ವಜನಿಕ ಚರ್ಚಾಕಟ್ಟೆ ಪ್ರಾಜೆಕ್ಟ್ ಚಾಟ್‌ನಲ್ಲಿ ಹಾಕುತ್ತೇನೆ. ಇಲ್ಲಿ ಲೈಕ್ ಒತ್ತಿ ಹೋಗಬೇಡಿ ಮಾರಾಯ್ರೆ, ಅಲ್ಲಿಗೆ ಬಂದು ಲಾಗಿನ್ ಆಗಿ ಒಂದು ಸಾಲು ಬರೆಯಿರಿ. ಕನ್ನಡದಲ್ಲೇ ಬರೆದರೂ ಆದೀತು.