ಹಾಲು ಬಿಡಿಸಿದ ಹಂದಿಮರಿಗೆ ಮೊದಲ ವಾರ ಗಂಜಿ ಬೇಕೇ?

ಪರ

ತಾಯಿ ಹತ್ತಿರ ಇದ್ದಾಗ ಮರಿಗೆ ಹೆಚ್ಚುಕಡಿಮೆ ಗಂಟೆಗೊಮ್ಮೆ ಬೆಚ್ಚನೆ ಹಾಲು ಸಿಗುತ್ತಿತ್ತು. ಹಸಿವಿಗೂ ಬಾಯಾರಿಕೆಗೂ ಅದಕ್ಕೆ ಗೊತ್ತಿದ್ದದ್ದು ಹಾಲೊಂದೇ. ಮೂರು-ನಾಲ್ಕು ವಾರ ತುಂಬಿದ ಕೂಡಲೇ ಬೇರೆ ಮಾಡಿ, ಒಣ ಹಿಂಡಿ ಮುಂದಿಟ್ಟರೆ ತಿನ್ನುತ್ತದೆಯೇ? ಎಷ್ಟೋ ಮರಿಗಳು ಮೊದಲ ದಿನ ಏನನ್ನೂ ಮುಟ್ಟುವುದಿಲ್ಲ. ಕೆಲವು ಎರಡನೇ ದಿನವೂ ಹಾಗೇ ಇರುತ್ತವೆ.

ಆ ಖಾಲಿ ಹೊಟ್ಟೆಯೇ ಅಪಾಯ. ಕರುಳಿನ ಒಳಗೋಡೆಯಲ್ಲಿ ಸಾರ ಹೀರುವ ಸಣ್ಣ ಸಣ್ಣ ಎಳೆಗಳಿರುತ್ತವೆ. ಆಹಾರ ಬರದಿದ್ದರೆ ಅವು ಗಿಡ್ಡವಾಗುತ್ತವೆ. ಆಮೇಲೆ ಹಸಿವು ತಾಳದೆ ಮರಿ ಒಮ್ಮೆಲೇ ಗಬಗಬ ತಿನ್ನುತ್ತದೆ. ಅರಗದ ಪ್ರೋಟೀನ್ ಕರುಳಲ್ಲೇ ಕೊಳೆಯುತ್ತದೆ, ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಭೇದಿ ಶುರು.

ಗಂಜಿ ಕೊಟ್ಟರೆ ಹೊಟ್ಟೆ ಖಾಲಿ ಬೀಳುವುದೇ ಇಲ್ಲ. ಒಂದು ಪಾಲು ಸ್ಟಾರ್ಟರ್ ಹಿಂಡಿಗೆ (ಹಾಲು ಬಿಟ್ಟ ಮರಿಗೆ ಮೊದಲು ಕೊಡುವ ಹಿಂಡಿ) ಎರಡು ಪಾಲು ಉಗುರುಬೆಚ್ಚಗಿನ ನೀರು. ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕು ಸಲ. ಒಂದು ಮರಿ ಮೂತಿ ಅದ್ದಿದರೆ ಸಾಕು, ಪಕ್ಕದವೂ ನುಗ್ಗುತ್ತವೆ. ಸಾಲಾಗಿ ಒಟ್ಟಿಗೆ ಮೊಲೆ ಕುಡಿದ ಅಭ್ಯಾಸ ಅಲ್ವಾ! ದಿನದಿನಕ್ಕೂ ನೀರು ಕಡಿಮೆ ಮಾಡುತ್ತಾ ಬಂದರೆ ವಾರದೊಳಗೆ ಒಣ ಹಿಂಡಿಗೆ ಒಗ್ಗುತ್ತವೆ. ಸೊರಗಿದ ಮರಿಗಳಿಗಂತೂ ಇದನ್ನು ತಪ್ಪಿಸಲೇಬಾರದು.

ವಿರೋಧ

ಗಂಜಿಗೆ ಮೂತಿ ಹಾಕುತ್ತವೆ, ನಿಜ. ಆದರೆ ನಾಲ್ಕು ಸಲ ಕಲಸಿ ನಾಲ್ಕು ಸಲ ತಟ್ಟೆ ತೊಳೆಯುವವರು ಯಾರು? ಮರಿಗಳಿಗೆ 28 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಆ ಬಿಸಿಗೆ ಉಳಿದ ಗಂಜಿ ಕೆಲವೇ ಗಂಟೆಯಲ್ಲಿ ಹುಳಿ ಬರುತ್ತದೆ. ಮರಿಗಳು ಹೊಲಸು ಕಾಲನ್ನು ಅದರಲ್ಲೇ ಇಡುತ್ತವೆ. ಭೇದಿ ತಡೆಯಲು ಇಟ್ಟ ತಟ್ಟೆಯಿಂದಲೇ ಭೇದಿ ಹರಡುತ್ತದೆ.

ಗಂಜಿ ನಿಲ್ಲಿಸಿದಾಗ ತಿನ್ನುವುದು ಮತ್ತೆ ಇಳಿಯಬಹುದು ಕೂಡ. ಮೊದಲ ವಾರ ಬಂದ ತೂಕ ಮುಂದಿನ ವಾರ ನಿಲ್ಲದಿದ್ದರೆ ಏನು ಬಂತು?

ತಯಾರಿ ತಾಯಿ ಜೊತೆ ಇರುವಾಗಲೇ ಆಗಬೇಕು. ಹತ್ತು ದಿನದ ಹೊತ್ತಿಗೆ ಕ್ರೀಪ್ ಫೀಡ್ (ಹಾಲು ಕುಡಿಯುವ ಮರಿಗೆ ಇಡುವ ಹಿಂಡಿ) ರುಚಿ ಹತ್ತಿಸಿ, ದಿನವೂ ತಾಜಾ ಹಾಕಿ. ಬಿಡಿಸಿದ ಮೇಲೂ ಕೆಲವು ದಿನ ಅದೇ ಇರಲಿ. ಅದರಲ್ಲಿ ಹಾಲೊಡಕಿನ ಪುಡಿ ಇರಬೇಕು, ಸೋಯಾ ಜಾಸ್ತಿ ಬೇಡ. ಮೊದಲೆರಡು ದಿನ ಒಣ ಹಿಂಡಿಯನ್ನೇ ಚಾಪೆ ಮೇಲೆ ಚೆಲ್ಲಿದರೂ ಒಟ್ಟಿಗೆ ಮೂಸಿ ತಿನ್ನುತ್ತವೆ. ನೀರಿನ ಕೊಳವೆಯ ನಿಪ್ಪಲ್ ಒತ್ತಿ ಕುಡಿಯಲು ಬಾರದ ಮರಿಗೆ ತೆರೆದ ಬಟ್ಟಲಲ್ಲಿ ನೀರಿಡಿ. ನೀರು ಕುಡಿಯದ ಮರಿ ಹಿಂಡಿ ತಿನ್ನುವುದಿಲ್ಲ.

ಹಾಲು ಬಿಡಿಸಿ 24 ಗಂಟೆ ಕಳೆದ ಮೇಲೆ ಒಂದೊಂದೇ ಮರಿಯ ಹೊಟ್ಟೆ ಮುಟ್ಟಿ ನೋಡಿ. ಪಕ್ಕೆ ಒಳಗೆ ಹೋಗಿದ್ದರೆ ಅದು ತಿಂದಿಲ್ಲ. ಅಂಥವನ್ನು ಬೇರೆ ಮಾಡಿ ಗಂಜಿ ಕೊಡಿ, ಬೇಡ ಅನ್ನುವುದಿಲ್ಲ. ಚೆನ್ನಾಗಿ ತಿನ್ನುತ್ತಿರುವ ಇಡೀ ಗುಂಪಿಗೆ ಸುಮ್ನೆ ಕಲಸಬೇಡಿ.