ಸೆಮಿ ಡಿಟ್ಯಾಚ್ಡ್ ಮೊಮ್ಮಗ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಸುತ್ತೋಲೆ ಓದಿದವನು ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ನಾನು ಇಂಗ್ಲಿಷ್ ಪಂಡಿತ. ಆ ಪಾಂಡಿತ್ಯ ಮೊನ್ನೆ ಒಂದು ಮದುವೆಯ ಮಾತುಕತೆಗೇ ಕಲ್ಲು ಹಾಕಿತು.

ತೀರ್ಥಹಳ್ಳಿಯಿಂದ ದೊಡ್ಡಮ್ಮ ಫೋನು ಮಾಡಿದರು. ಮೊಮ್ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ, ಹುಡುಗಿಯ ಕಡೆಯವರು ಮುಂಬೈ ಕನ್ನಡಿಗರು, ಬಯೋಡೇಟಾ ಇಂಗ್ಲಿಷಿನಲ್ಲೇ ಬೇಕಂತೆ. “ಬರೆದುಕೋ ಮಾರಾಯ” ಎಂದು ಹೇಳತೊಡಗಿದರು. “ಹುಡುಗ ದೂರದಲ್ಲಿದ್ದಾನೆ. ಯಾರ ಉಸಾಬರಿಗೂ ಹೋಗುವವನಲ್ಲ. ತಾನಾಯಿತು, ತನ್ನ ಪಾಡಾಯಿತು. ಸ್ವಂತ ಮನೆ ತೆಗೆದುಕೊಂಡಿದ್ದಾನೆ.”

ಒಂದಕ್ಕಿಂತ ಒಂದು ಒಳ್ಳೆಯ ಗುಣ. ನಿಘಂಟು ತೆರೆದು ಪ್ರತಿಯೊಂದಕ್ಕೂ ತೂಕದ ಶಬ್ದ ಹುಡುಕಿದೆ. ದೂರದಲ್ಲಿರುವವನು ‘ಡಿಸ್ಟೆಂಟ್’. ಉಸಾಬರಿ ಬೇಡದವನು ‘ಡಿಟ್ಯಾಚ್ಡ್’. ತನ್ನ ಪಾಡಿಗೆ ತಾನಿರುವವನು ‘ಅಲೂಫ್’. ಆಲೂಗಡ್ಡೆಯ ನೆಂಟನಂತೆ ಕೇಳಿಸಿದರೂ ಗಂಭೀರವಾದ ಶಬ್ದ. ಮನೆಯನ್ನು ಮಾತ್ರ ಹುಡುಗನೇ ತಿಳಿಸಿದಂತೆ ‘ಸೆಮಿ ಡಿಟ್ಯಾಚ್ಡ್’ ಎಂದು ಬರೆದೆ. ಎರಡು ಸಲ ಓದಿ, ಖುಷಿಯಿಂದ ಕಳುಹಿಸಿದೆ.

ನಾಲ್ಕನೆಯ ದಿನ ಹುಡುಗಿಯ ತಂದೆಯ ಫೋನು. ಬಹಳ ಸಜ್ಜನರು.

“ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕು ಸಾರ್. ಗಂಡಿನ ಕಡೆಯವರು ಇಷ್ಟು ಬಿಚ್ಚಿ ಬರೆಯುವುದನ್ನು ನಾನು ಕಂಡಿಲ್ಲ. ಆದರೆ ಯಾರನ್ನೂ ಹಚ್ಚಿಕೊಳ್ಳದ, ಮುಖ ಕೊಟ್ಟು ಮಾತನಾಡದ ಹುಡುಗನಿಗೆ ಮದುವೆಯಾದರೂ ಏಕೆ ಎಂದು ನಮ್ಮ ಮಗಳು ಕೇಳುತ್ತಿದ್ದಾಳೆ. ಅವನಿಗಿಂತ ಅವನ ಮನೆಯೇ ವಾಸಿಯಂತೆ. ಅದು ಅರ್ಧವಾದರೂ ಅಂಟಿಕೊಂಡಿದೆಯಲ್ಲ!”

ಫೋನು ಇಟ್ಟು ಮತ್ತೆ ನಿಘಂಟು ಹಿಡಿದೆ. ಈ ಸಲ ಎರಡನೆಯ ಅರ್ಥವನ್ನೂ ಓದಿದೆ. ಊರು ಡಿಸ್ಟೆಂಟ್ ಆದರೆ ಅದು ಕಿಲೋಮೀಟರಿನ ಲೆಕ್ಕ. ನೆಂಟ ಡಿಸ್ಟೆಂಟ್ ಆದರೆ ವಂಶವೃಕ್ಷದ ಕೊಂಬೆಯ ಲೆಕ್ಕ. ಮದುವೆಯ ಗಂಡು ಡಿಸ್ಟೆಂಟ್ ಆದರೆ ಮಾತ್ರ ಕೆಲಸ ಕೆಟ್ಟಿತು, ಅವನು ಪಕ್ಕದಲ್ಲೇ ಕುಳಿತಿದ್ದರೂ ದೂರ. ರಿಮೋಟ್ ಎಂಬುದರದೂ ಇದೇ ಕಥೆ. ಬಸ್ಸು ಹೋಗದ ಹಳ್ಳಿಯೂ ರಿಮೋಟ್, ಮನಸ್ಸು ಬೇರೆಲ್ಲೋ ಇರುವವನೂ ರಿಮೋಟ್. ನಮ್ಮ ಮನೆಯ ಟಿವಿಯ ರಿಮೋಟ್ ಅಂತೂ ಹತ್ತಡಿಯೊಳಗೇ ಇದ್ದು ಯಾರಿಗೂ ಸಿಗುವುದಿಲ್ಲ.

ಅಲೂಫ್ ಹಡಗಿನಿಂದ ಇಳಿದು ಬಂದ ಶಬ್ದ. ಗಾಳಿ ಬೀಸಿ ಬರುವ ಪಕ್ಕಕ್ಕೆ ಡಚ್ಚರು ‘ಲೂಫ್’ ಎನ್ನುತ್ತಾರೆ, ಅದರದೇ ಕುಲವಂತೆ ಇದು. ಗಾಳಿಯ ಹೊಡೆತಕ್ಕೆ ಹಡಗು ದಡದ ಬಂಡೆಗೆ ಬಡಿಯಬಾರದೆಂದು ನಾವಿಕರು ಅದರ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ, ದಡದಿಂದ ದೂರವೇ ಸಾಗುತ್ತಿದ್ದರು. ಓದಿ ನಕ್ಕೆ. ಮೂತಿ ತಿರುಗಿಸುವುದನ್ನು ನಮ್ಮ ಮದುವೆ ಮನೆಗಳಲ್ಲಿ ಹಡಗಿಲ್ಲದೆಯೇ ಮಾಡುತ್ತೇವೆ. ಕೈಸಾಲ ಕೇಳುವ ಭಾವ ಊಟದ ಪಂಕ್ತಿಯಲ್ಲಿ ಕಣ್ಣಿಗೆ ಬಿದ್ದೊಡನೆ ನಾನು ಬಾಳೆಲೆ ಬಿಟ್ಟು ಕೈತೊಳೆಯುವ ನಲ್ಲಿಯ ಕಡೆಗೆ ತಿರುಗುವುದಿಲ್ಲವೇ, ಅದೇ.

ದೊಡ್ಡಮ್ಮನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ.

“ಅದೇನು ಅರ್ಧ ಅಂಟಿದ ಮನೆ?”

“ಜೋಡಿ ಮನೆ ದೊಡ್ಡಮ್ಮ. ನಡುವೆ ಒಂದೇ ಗೋಡೆ. ಈಚೆ ನಮ್ಮ ಹುಡುಗ, ಆಚೆ ಇನ್ನೊಬ್ಬರು. ಉಳಿದ ಮೂರು ಕಡೆ ಬಿಡಿ.”

“ಆಚೆ ಯಾರಿದ್ದಾರೆ?”

“ಕೇಳಿದೆ. ಅವನಿಗೆ ಗೊತ್ತಿಲ್ಲವಂತೆ.”

“ಅವನು ಅಲ್ಲಿಗೆ ಹೋಗಿ ಎಷ್ಟು ದಿನವಾಯಿತು?”

“ಎರಡು ವರ್ಷ.”

ಆ ಕಡೆಯಿಂದ ಸ್ವಲ್ಪ ಹೊತ್ತು ಅಡಕೆ ಕತ್ತರಿಸುವ ಸದ್ದು ಮಾತ್ರ ಕೇಳಿಸಿತು.

“ಹಾಗಾದರೆ ನೀನು ಬರೆದದ್ದರಲ್ಲಿ ತಪ್ಪೇನಿದೆ ಮಾರಾಯ?”